ಓದುಗರ ಪ್ರಶ್ನೆ: ಸಂಸ್ಕಾರವಂತರೂ ತಪ್ಪು ದಾರಿ ಹಿಡಿಯುವುದೇಕೆ?

ಪ್ರಶ್ನೆ: ಒಳ್ಳೆಯ ಮನೆತನದಲ್ಲಿ ಬೆಳೆದು, ವಿದ್ಯೆ ಕಲಿತವರೂ ಕಚೇರಿಯಲ್ಲಿ ಲಂಚಕ್ಕೆ ಕೈಯೊಡ್ಡುತ್ತಾರೆ, ರಸ್ತೆಯಲ್ಲಿ ಗಾಯಗೊಂಡು ಬಿದ್ದವರನ್ನು ದಾಟಿ ಹೋಗುತ್ತಾರೆ. ಹಾಗಾದರೆ ಸಂಸ್ಕಾರಕ್ಕೆ ಬೆಲೆಯೇ ಇಲ್ಲವೇ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಬೆಲೆ ಖಂಡಿತ ಇದೆ. ಆದರೆ ಸಂಸ್ಕಾರವು ನಡತೆಯಾಗಿ ಹೊರಬರಲು ಆ ಗಳಿಗೆಯ ಸನ್ನಿವೇಶ ಎಡೆಗೊಡಬೇಕು. ಸನ್ನಿವೇಶದ ಬಲವನ್ನು ನಾವು ಸದಾ ಕಡಿಮೆ ಅಂದಾಜು ಮಾಡುತ್ತೇವೆ.

ಮನಶ್ಶಾಸ್ತ್ರಜ್ಞರಾದ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಧರ್ಮಶಾಸ್ತ್ರ ಓದುತ್ತಿದ್ದ ವಿದ್ಯಾರ್ಥಿಗಳನ್ನು ಭಾಷಣ ಮಾಡಲೆಂದು ಇನ್ನೊಂದು ಕಟ್ಟಡಕ್ಕೆ ಕಳುಹಿಸಲಾಯಿತು. ದಾರಿಯಲ್ಲಿ ಒಬ್ಬಾತ ಕುಸಿದು ಕೆಮ್ಮುತ್ತ ನರಳುತ್ತಿದ್ದ. ಅವಸರವಿಲ್ಲದವರಲ್ಲಿ ಶೇ. 63ರಷ್ಟು ಮಂದಿ ನೆರವಾದರೆ, ಆಗಲೇ ತಡವಾಗಿದೆ ಎಂದು ಹೇಳಿಸಿಕೊಂಡವರಲ್ಲಿ ನೆರವಾದವರು ಶೇ. 10 ಮಾತ್ರ. ದಾರಿಯಲ್ಲಿ ಬಿದ್ದವನನ್ನು ಕಾಪಾಡಿದ ಸಮಾರ್ಯದವನ ಬೈಬಲ್ ಕಥೆಯನ್ನೇ ಕುರಿತು ಮಾತನಾಡಬೇಕಿದ್ದವರೂ ಅವಸರದಲ್ಲಿ ದಾಟಿ ಹೋದರು. ಸಿಲ್ಕ್ ಬೋರ್ಡ್ ಜಂಕ್ಷನ್‌ನ ದಟ್ಟಣೆಯಲ್ಲಿ ಸಿಕ್ಕಿ, ಕೆಲಸಕ್ಕೆ ತಡವಾಗಿ ಹೊರಟವರನ್ನು ಕಟುಕರೆಂದು ಕರೆಯುವ ಮೊದಲು ಇದನ್ನು ನೆನೆಯಬೇಕು.

ಅವಸರದ ಜೊತೆಗೆ ಪೊಲೀಸ್ ಠಾಣೆ, ಕೋರ್ಟು ಎಂದು ಅಲೆಯಬೇಕಾದೀತೆಂಬ ಭಯವೂ ಇತ್ತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯು ಗಾಯಾಳುವಿಗೆ ಸದುದ್ದೇಶದಿಂದ ನೆರವಾದವರಿಗೆ ಸಿವಿಲ್ ಮತ್ತು ಕ್ರಿಮಿನಲ್ ಹೊಣೆಗಾರಿಕೆಯಿಂದ ರಕ್ಷಣೆ ನೀಡಿದೆ. ಇದು ಎಷ್ಟೋ ಜನರಿಗೆ ಇನ್ನೂ ತಿಳಿದಿಲ್ಲದಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಲಂಚದ ಮೂಲ ಬೇರೆ. ಅಲ್ಲಿ ಆಸೆಯಷ್ಟೇ ಅಲ್ಲ, ಮೇಲಿನವರ ಮಾತು ಮತ್ತು ಜೊತೆಯವರ ನಡತೆ ಕೆಲಸ ಮಾಡುತ್ತವೆ. ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಅವರು 1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಪ್ರಯೋಗಗಳಲ್ಲಿ, ಅಧಿಕಾರದ ಸ್ಥಾನದಲ್ಲಿದ್ದವನು ಮುಂದುವರಿಸಿ ಎಂದಿದ್ದಕ್ಕೇ 40 ಮಂದಿ ಸಾಮಾನ್ಯ ಗೃಹಸ್ಥರಲ್ಲಿ 26 ಮಂದಿ, ಪಕ್ಕದ ಕೋಣೆಯಲ್ಲಿದ್ದವನಿಗೆ 450 ವೋಲ್ಟ್‌ವರೆಗೂ ವಿದ್ಯುತ್ ಆಘಾತ ಕೊಡುತ್ತಿದ್ದೇವೆಂದು ನಂಬಿಯೇ ಗುಂಡಿ ಒತ್ತಿದರು, ಆಘಾತ ನಿಜವಾಗಿರಲಿಲ್ಲ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಅದೇ ಸರಣಿಯ ಇನ್ನೊಂದು ಪ್ರಯೋಗ: ಜೊತೆಗೆ ಕೂತ ಇಬ್ಬರು ಅರ್ಧದಲ್ಲೇ 'ನಾವು ಮಾಡುವುದಿಲ್ಲ' ಎಂದು ಎದ್ದಾಗ, ಕೊನೆಯವರೆಗೂ ಮುಂದುವರಿದವರು 40ರಲ್ಲಿ ನಾಲ್ವರು ಮಾತ್ರ.

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ ಮಾಮೂಲು ಎಲ್ಲರ ಟೇಬಲ್ಲಿಗೂ ಬರುವುದು ಕಂಡರೆ, ಬೇಡವೆನ್ನುವುದೇ ಅವನಿಗೆ ಅಸಹಜವೆನಿಸುತ್ತದೆ, ಜೊತೆಯವರಿಗೆ ಮಾಡುವ ಅವಮಾನವೆನಿಸುತ್ತದೆ. ಪಕ್ಕದ ಮೇಜಿನ ಹಿರಿಯರೊಬ್ಬರು ದಿನವೂ ಅದನ್ನು ವಾಪಸು ಕಳಿಸುತ್ತಿದ್ದರೆ, ಬೇಡವೆಂದರೂ ಇಲ್ಲಿ ಬದುಕಬಹುದೆಂದು ಅವನಿಗೆ ಗೊತ್ತಾಗುತ್ತದೆ, ಮನೆಯಲ್ಲಿ ಕಲಿತದ್ದನ್ನು ಬಿಟ್ಟುಕೊಡದೆ ನಿಲ್ಲುವ ಧೈರ್ಯ ಬರುತ್ತದೆ.