ಫ್ರೀಮಾಂಟ್ ಟಿಪ್ಪಣಿ: ಶೇಕಡಾ 114.8 ಎಲ್ಲಿಂದ ಬಂತು?

ನಗರ ಭೂಗೋಳದ ಪೇಪರಿಗೆ ಅಮೆರಿಕದ ಒಂದು ಉಪನಗರದ ಪರಿಚಯ ಬರೆಯಬೇಕಿತ್ತು. ನಾನು ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಆರಿಸಿಕೊಂಡೆ. ದೊಡ್ಡ ಕಾರಣವೇನೂ ಇಲ್ಲ, ಅಕ್ಕ ಅಲ್ಲಿದ್ದಾಳೆ, ಸಂಶಯ ಬಂದರೆ ಕೇಳಬಹುದು ಅಂತ. ಆದರೆ ಜನಗಣತಿಯ ಒಂದೇ ಒಂದು ಟೇಬಲ್ ಎರಡು ಸಂಜೆ ತಿಂದು ಹಾಕಿತು. ನಿನ್ನೆ ರಾತ್ರಿ ಬಿಡಿಸಿಕೊಂಡಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ, ನಿಮಗೂ ಉಪಯೋಗ ಆದರೆ ಆಗಲಿ.

ಮೊದಲು ಊರು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಡ, ಅಲಮೀಡಾ ಕೌಂಟಿ, ಸ್ಯಾನ್ ಹೊಸೆಗೆ ಉತ್ತರದಲ್ಲಿ. ಒಂದು ಕಡೆ ಉಪ್ಪಿನ ಗದ್ದೆ, ಇನ್ನೊಂದು ಕಡೆ ಗುಡ್ಡ. ಉಪನಗರ ಅಂದರೆ ದೊಡ್ಡ ಊರು ಹಿಗ್ಗಿ ಹೊರಗೆ ಚೆಲ್ಲಿದ್ದು ಅಂತ ನಾನು ಅಂದುಕೊಂಡಿದ್ದೆ. ಇಲ್ಲಿ ಕಥೆ ಬೇರೆ. ಸೆಂಟರ್‌ವಿಲ್, ನೈಲ್ಸ್, ಇರ್ವಿಂಗ್ಟನ್, ಮಿಷನ್ ಸ್ಯಾನ್ ಹೊಸೆ, ವಾರ್ಮ್ ಸ್ಪ್ರಿಂಗ್ಸ್ ಎಂಬ ಐದು ಊರುಗಳು 1956ರಲ್ಲಿ ತಾವೇ ಸೇರಿ ಒಂದು ನಗರ ಆದವು. ಪಕ್ಕದ ಹೇವರ್ಡ್ ಬಂದು ನುಂಗಿಬಿಡುತ್ತದೆ ಎಂಬ ಭಯವೂ ಅದರ ಹಿಂದೆ ಇತ್ತು. ನಮ್ಮಲ್ಲಿ 2007ರಲ್ಲಿ ಯಲಹಂಕ, ಕೆಂಗೇರಿ ಎಲ್ಲ ಬೆಂಗಳೂರಿನ ಪಾಲಿಕೆಗೆ ಸೇರಿದವಲ್ಲ, ಅದಕ್ಕೆ ನೇರ ಉಲ್ಟಾ. ನ್ಯೂವರ್ಕ್ ಎಂಬ ಇನ್ನೊಂದು ಊರು ಮಾತ್ರ ಇವರ ಜೊತೆ ಬರದೆ 1955ರಲ್ಲೇ ಬೇರೆ ನಗರ ಮಾಡಿಕೊಂಡಿತು. ಈಗ ನಕ್ಷೆಯಲ್ಲಿ ಸುತ್ತಲೂ ಫ್ರೀಮಾಂಟ್, ನಡುವೆ ನ್ಯೂವರ್ಕ್. ವಡೆಯ ತೂತಿನಲ್ಲಿ ಇನ್ನೊಂದು ಊರು ಇಟ್ಟ ಹಾಗೆ.

ಅಕ್ಕನಿಗೆ ಫೋನಿನಲ್ಲಿ "ಫ್ರೀಮಾಂಟಿನಲ್ಲಿ ಎಲ್ಲಿ?" ಎಂದರೆ "ವಾರ್ಮ್ ಸ್ಪ್ರಿಂಗ್ಸ್ ಕಣೋ" ಅನ್ನುತ್ತಾಳೆ. ಅರವತ್ತೆಂಟು ವರ್ಷಕ್ಕೂ ಮೇಲಾಯಿತು, ಹಳೆಯ ಊರಿನ ಹೆಸರು ಹೋಗಿಲ್ಲ.

ಬೆಳವಣಿಗೆ ಸುಲಭ, ಬೇಗ ಮುಗಿಸುತ್ತೇನೆ. 1960ರಲ್ಲಿ 43,790 ಜನ, 1970ರಲ್ಲಿ 1,00,869. 1963ರಲ್ಲಿ ಜನರಲ್ ಮೋಟರ್ಸ್ ಕಾರು ಕಾರ್ಖಾನೆ ಶುರುವಾಗಿತ್ತು, ಅದು 1982ರಲ್ಲಿ ಮುಚ್ಚಿತು. 1984ರಿಂದ ಅದೇ ಜಾಗದಲ್ಲಿ ಟೊಯೋಟಾ ಜೊತೆ ಸೇರಿ ನುಮ್ಮಿ ಎಂಬ ಕಾರು ಕಾರ್ಖಾನೆ ನಡೆಸಿದರು, 2010ರಲ್ಲಿ ಅದೂ ನಿಂತು ಟೆಸ್ಲಾ ಬಂತು. ಮಧ್ಯೆ ಸಿಲಿಕಾನ್ ವ್ಯಾಲಿಯ ಕೆಲಸಗಳು ಇಲ್ಲಿಗೂ ಹರಿದವು. 2020ರ ಜನಗಣತಿಯಲ್ಲಿ 2,30,504. ಇಷ್ಟು ಸಾಕು.

ಈಗ ನಾನು ಬಿದ್ದ ಹಳ್ಳ.

2010ರ ಜನಗಣತಿ, ಒಟ್ಟು 2,14,089 ಜನ. ನಾನು ನೋಟ್ ಪುಸ್ತಕದಲ್ಲಿ ಹೀಗೆ ಬರೆದುಕೊಂಡೆ: ಏಷ್ಯನ್ ಶೇ. 50.6, ಬಿಳಿಯರು 32.8, ಇತರ ಜನಾಂಗ 6.4, ಎರಡು ಅಥವಾ ಹೆಚ್ಚು ಜನಾಂಗ 5.9, ಆಫ್ರಿಕನ್ ಅಮೆರಿಕನ್ 3.3, ಮೂಲನಿವಾಸಿಗಳು 0.5, ಪೆಸಿಫಿಕ್ ದ್ವೀಪದವರು 0.5, ಹಿಸ್ಪಾನಿಕ್ (ಸ್ಪ್ಯಾನಿಷ್ ಮಾತಾಡುವ ದೇಶಗಳ ಮೂಲದವರು) 14.8. ಪೈ ಚಾರ್ಟ್ ಮಾಡೋಣ ಅಂತ ಕೂಡಿದೆ. 114.8! ಕ್ಯಾಲ್ಕುಲೇಟರ್ ತಪ್ಪೇನೋ ಅಂತ ಮೂರು ಸಲ ಕೂಡಿದೆ. ಆಮೇಲೆ ಟೇಬಲ್ಲೇ ತಪ್ಪು ಅಂದುಕೊಂಡು ಬೇರೆ ಕಡೆ ಹುಡುಕಿದೆ. ಅಲ್ಲೂ ಅದೇ ಅಂಕಿ. ಒಂದು ಸಂಜೆ ಹೀಗೇ ಹೋಯಿತು.

ವಿಷಯ ಇಷ್ಟೇ. ಅಮೆರಿಕದ 2010ರ ಜನಗಣತಿ ಫಾರ್ಮಿನಲ್ಲಿ ಹಿಸ್ಪಾನಿಕ್ ಮತ್ತು ಜನಾಂಗ ಎರಡು ಬೇರೆ ಪ್ರಶ್ನೆ. ಒಂದು, ನೀವು ಹಿಸ್ಪಾನಿಕ್ ಮೂಲದವರಾ, ಹೌದೋ ಇಲ್ಲವೋ. ಇನ್ನೊಂದು, ನಿಮ್ಮ ಜನಾಂಗ ಯಾವುದು. ಎರಡಕ್ಕೂ ಎಲ್ಲರೂ ಉತ್ತರ ಕೊಡಬೇಕು. ಮೆಕ್ಸಿಕೊ ಮೂಲದ ಒಬ್ಬರು ಮೊದಲ ಪ್ರಶ್ನೆಗೆ ಹೌದು ಎಂದು, ಎರಡನೆಯದಕ್ಕೆ ಬಿಳಿಯ ಎಂದು ಗುರುತು ಹಾಕಬಹುದು, ಅಥವಾ ಇತರ ಎಂದು ಹಾಕಬಹುದು. ಅವರು ಒಬ್ಬರೇ, ಆದರೆ ನನ್ನ ಪಟ್ಟಿಯಲ್ಲಿ ಎರಡು ಸಲ ಬಂದರು.

ಇದನ್ನು ಓದಿದರೂ ನನಗೆ ತಲೆಗೆ ಹತ್ತಲಿಲ್ಲ. ಹತ್ತಿದ್ದು ನಮ್ಮ ಜನಗಣತಿ ನೆನಪಾದ ಮೇಲೆ. ನಮ್ಮಲ್ಲಿ ಧರ್ಮ ಒಂದು ಪ್ರಶ್ನೆ, ಮಾತೃಭಾಷೆ ಇನ್ನೊಂದು. ಒಂದು ಬೀದಿಯಲ್ಲಿ ಹತ್ತು ಜನ ಅಂದುಕೊಳ್ಳಿ. ಏಳು ಹಿಂದೂ, ಎರಡು ಮುಸ್ಲಿಂ, ಒಂದು ಕ್ರೈಸ್ತ, ಸರಿ ಹತ್ತು. ಅದೇ ಬೀದಿಯಲ್ಲಿ ಆರು ಜನರ ಮಾತೃಭಾಷೆ ಕನ್ನಡ. ಏಳು, ಎರಡು, ಒಂದು, ಆರು ಎಲ್ಲ ಕೂಡಿ ಬೀದಿಯಲ್ಲಿ ಹದಿನಾರು ಜನ ಅಂತ ಯಾರಾದರೂ ಹೇಳುತ್ತಾರಾ? ನಾನು ಮಾಡಿದ್ದು ಸರಿಯಾಗಿ ಅದನ್ನೇ.

ನನ್ನ ಉಪಾಯ ಈಗ ಹೀಗಿದೆ. ಯಾವುದೇ ಅಮೆರಿಕದ ಊರಿನ ಟೇಬಲ್ ಸಿಕ್ಕರೂ ಮೊದಲು ಜನಾಂಗದ ಸಾಲುಗಳನ್ನು ಮಾತ್ರ ಕೂಡಿ. ಮೇಲಿನದರಲ್ಲಿ ಹಿಸ್ಪಾನಿಕ್ ಬಿಟ್ಟು ಕೂಡಿ ನೋಡಿ, ಸರಿಯಾಗಿ 100.0 ಬರುತ್ತದೆ. ನೂರು ಬಂದ ಮೇಲೂ ಒಂದು ಸಾಲು ಕೈಯಲ್ಲಿ ಉಳಿದರೆ ಅದು ಬೇರೆ ಪ್ರಶ್ನೆಯದು. ಅದನ್ನು ಪೈ ಚಾರ್ಟಿಗೆ ಹಾಕಬೇಡಿ, ಪಕ್ಕದಲ್ಲಿ ಬೇರೆ ಬರೆಯಿರಿ. ಶೇಕಡಾ ಬದಲು ಜನರ ಸಂಖ್ಯೆ ಇಟ್ಟುಕೊಂಡು ಕೂಡಿದರೆ ಇನ್ನೂ ಒಳ್ಳೇದು, ದಶಮಾಂಶದ ಗೋಜಲು ಇರುವುದಿಲ್ಲ.

ಇನ್ನೂ ಒಂದು ಮೆಟ್ಟಿಲು ಇದೆ, ಇದು ನನಗೆ ಇಷ್ಟವಾದದ್ದು. ಅದೇ ಟೇಬಲ್ ಕೆಳಗೆ ಹಿಸ್ಪಾನಿಕ್ ಅಲ್ಲದ ಬಿಳಿಯರು ಅಂತ ಒಂದು ಸಾಲು ಇರುತ್ತದೆ, ಶೇ. 26.5. ಬಿಳಿಯರು ಒಟ್ಟು 32.8 ಅಲ್ವಾ? ಕಳೆದರೆ 6.3. ಊರಿನ ಇಷ್ಟು ಜನ ಬಿಳಿಯರೂ ಹೌದು, ಹಿಸ್ಪಾನಿಕ್ಕೂ ಹೌದು. 14.8ರಲ್ಲಿ ಈ 6.3 ಹೋದರೆ ಉಳಿದ 8.5 ಬೇರೆ ಸಾಲುಗಳಲ್ಲಿ ಹರಡಿಕೊಂಡಿದೆ, ಅದರಲ್ಲಿ ಜಾಸ್ತಿ ಇರುವುದು ಆ "ಇತರ ಜನಾಂಗ" ಎಂಬ ಸಾಲಿನಲ್ಲಿ. ಇತರ ಅಂದರೆ ಯಾರೋ ಚಿಲ್ಲರೆ ಜನ ಅಂದುಕೊಂಡಿದ್ದೆ. ಫಾರ್ಮಿನಲ್ಲಿ ತಮಗೆ ಒಪ್ಪುವ ಚೌಕ ಸಿಗದವರು ಅವರು.

ಚೌಕ ಅಂದ ಮೇಲೆ ನಮ್ಮವರದ್ದೂ ನೋಡಿ. ಏಷ್ಯನ್ 50.6ರಲ್ಲಿ ಭಾರತ ಮೂಲದವರೇ 18.1, ಚೀನಾ ಮೂಲದವರು ಹೆಚ್ಚುಕಡಿಮೆ ಅಷ್ಟೇ. ಫಾರ್ಮಿನಲ್ಲಿ ನಮ್ಮ ಹೆಸರು "ಏಷ್ಯನ್ ಇಂಡಿಯನ್", ಯಾಕೆಂದರೆ ಅಲ್ಲಿ ಬರೀ ಇಂಡಿಯನ್ ಅಂದರೆ ಅಲ್ಲಿನ ಮೂಲನಿವಾಸಿಗಳು. ಈ ಚೌಕ ಬಂದದ್ದು 1980ರಲ್ಲಿ. 1970ರಲ್ಲಿ ಭಾರತೀಯರನ್ನು ಬಿಳಿಯರ ಜೊತೆ ಎಣಿಸಿದ್ದರು! ಅದಕ್ಕೂ ಹಿಂದೆ 1930, 1940ರಲ್ಲಿ ಜನಾಂಗದ ಕಾಲಮ್ಮಿನಲ್ಲಿ "ಹಿಂದೂ" ಅಂತ ಬರೆಯುತ್ತಿದ್ದರು, ಪಂಜಾಬಿನಿಂದ ಹೋದ ಸಿಖ್ಖರೂ ಅದರಲ್ಲೇ. ಮನುಷ್ಯ ಅವನೇ, ಸಾಲು ಮಾತ್ರ ಬೇರೆ. ಹಾಗಾಗಿ ಹಳೆಯ ಟೇಬಲ್ ಮತ್ತು ಹೊಸ ಟೇಬಲ್ ಪಕ್ಕಪಕ್ಕ ಇಟ್ಟು "ಇಷ್ಟು ಪಟ್ಟು ಏರಿತು" ಅಂತ ಬರೆಯುವ ಮೊದಲು, ಆ ವರ್ಷ ಫಾರ್ಮಿನಲ್ಲಿ ಏನು ಕೇಳಿದ್ದರು ಎಂದು ನೋಡಲೇಬೇಕು.

ಇದೇ ಕಾರಣಕ್ಕೆ ಆಫ್ಘನ್ನರು ನನ್ನ ಮೊದಲ ಕರಡಿನಲ್ಲಿ ಇರಲೇ ಇಲ್ಲ. 1979ರಲ್ಲಿ ಸೋವಿಯತ್ ಸೇನೆ ಆಫ್ಘಾನಿಸ್ತಾನಕ್ಕೆ ನುಗ್ಗಿದ ಮೇಲೆ ಬಂದ ನಿರಾಶ್ರಿತರು ಫ್ರೀಮಾಂಟಿನಲ್ಲಿ ನೆಲೆಸಿದರು, ಸೆಂಟರ್‌ವಿಲ್‌ನ ಒಂದು ಭಾಗವನ್ನು ಜನ ಲಿಟಲ್ ಕಾಬೂಲ್ ಅನ್ನುತ್ತಾರೆ. ಅವರಿಗೆ ಫಾರ್ಮಿನಲ್ಲಿ ಸ್ವಂತ ಚೌಕ ಇಲ್ಲ. ಟೇಬಲ್ ಮಾತ್ರ ನೋಡಿದರೆ ಊರಿನ ಇಷ್ಟು ಹೆಸರುವಾಸಿ ಸಮುದಾಯ ಕಣ್ಣಿಗೇ ಬೀಳುವುದಿಲ್ಲ. ಅಕ್ಕ ಅಲ್ಲಿನ ನಾನ್ ರೊಟ್ಟಿಯ ಮಾತು ತೆಗೆಯದಿದ್ದರೆ ನಾನೂ ಬಿಟ್ಟೇ ಬಿಡುತ್ತಿದ್ದೆ.

ಆಡಳಿತದ್ದು ಚೂರು ಉಳಿಯಿತು. ಮೇಯರ್ ಇದ್ದಾರೆ, ಆದರೆ ದಿನದ ಕೆಲಸ ನಡೆಸುವುದು ಕೌನ್ಸಿಲ್ ನೇಮಿಸುವ ಸಿಟಿ ಮ್ಯಾನೇಜರ್. ಶಾಲೆಗಳಿಗೆ ಬೇರೆ ಚುನಾಯಿತ ಮಂಡಳಿ, ನೀರಿಗೆ ಬೇರೆ ಸಂಸ್ಥೆ, ಸುತ್ತಲಿನ ಊರುಗಳನ್ನು ಜೋಡಿಸುವ ಬಾರ್ಟ್ ರೈಲಿಗೆ ಇನ್ನೊಂದು. ನಲ್ಲಿ ನೀರು ಬರಲಿಲ್ಲ ಅಂತ ಫ್ರೀಮಾಂಟ್ ನಗರಸಭೆಗೆ ಹೋಗಿ ಜಗಳ ಮಾಡಿದರೆ ಸುಮ್ನೆ ಬಾಯಿ ನೋವು.