ಸ್ಪ್ಯಾನಿಷ್ ಬಹುವಚನದ ಎಕಾರ ಎಲ್ಲಿಂದ ಬಂತು?

ಸ್ಪ್ಯಾನಿಷ್ ಕಲಿಸುವ ಪುಸ್ತಕಗಳು ಬಹುವಚನವನ್ನು ಎರಡೇ ಮಾತಿನಲ್ಲಿ ಮುಗಿಸುತ್ತವೆ: ಪದ ಸ್ವರದಲ್ಲಿ ಮುಗಿದರೆ ‘ಸ್’ ಹಚ್ಚಿ, ವ್ಯಂಜನದಲ್ಲಿ ಮುಗಿದರೆ ‘ಎಸ್’ ಹಚ್ಚಿ. ಲಿಬ್ರೊ (ಪುಸ್ತಕ) ಲಿಬ್ರೊಸ್ ಆಗುತ್ತದೆ, ಫ್ಲೊರ್ (ಹೂವು) ಫ್ಲೊರೆಸ್ ಆಗುತ್ತದೆ. ಪರೀಕ್ಷೆಗೆ ಇಷ್ಟು ಸಾಕು. ಚರಿತ್ರೆ ಮಾತ್ರ ತಿರುಗಾಮುರುಗಾ: ಎಕಾರ ಬಹುವಚನಕ್ಕೆ ಸೇರಿದ್ದಲ್ಲ, ಏಕವಚನದಿಂದ ಉದುರಿದ್ದು.

ಕನ್ನಡದಂತೆ ಲ್ಯಾಟಿನ್ನಿಗೂ ವಿಭಕ್ತಿಗಳಿದ್ದವು. ಆಡುಮಾತಿನಲ್ಲಿ ಅವು ಸವೆದಾಗ ಸ್ಪೇನಿನಲ್ಲಿ ಉಳಿದದ್ದು ದ್ವಿತೀಯಾ ರೂಪ. ಅದರ ಬಹುವಚನ ಸಕಾರದಲ್ಲಿ ಮುಗಿಯುತ್ತಿತ್ತು. ಇಟಲಿ ಬೇರೆ ದಾರಿ ಹಿಡಿಯಿತು. ಅಲ್ಲಿ ಪುಸ್ತಕಗಳು ‘ಲಿಬ್ರಿ’. ಹೂವಿನ ದ್ವಿತೀಯಾ ‘ಫ್ಲೊರೆಮ್’, ಬಹುವಚನ ‘ಫ್ಲೊರೆಸ್’. ಕೊನೆಯ ಮಕಾರ ಬಹಳ ಹಿಂದೆಯೇ ಬಿತ್ತು, ಬಯಲಾಗಿ ನಿಂತ ಎಕಾರ ಮಧ್ಯಯುಗದಲ್ಲಿ ಬಿತ್ತು. ಬಹುವಚನದ ಎಕಾರಕ್ಕೆ ಸಕಾರದ ಆಸರೆಯಿತ್ತು, ಹಾಗಾಗಿ ಉಳಿಯಿತು.

ಎಲ್ಲ ವ್ಯಂಜನಗಳ ನಂತರವೂ ಹೀಗಾಗಲಿಲ್ಲ. ದ, ಲ, ನ, ರ, ಸ ಮತ್ತು ಝೆಡ್ ಅಕ್ಷರದ ಧ್ವನಿ, ಇವಿಷ್ಟರ ನಂತರವೇ ಎಕಾರ ಶಾಶ್ವತವಾಗಿ ಹೋದದ್ದು. ರಾತ್ರಿಗೆ ‘ನೊಚೆ’ಯ ಬದಲು ‘ನೊಚ್’ ಎಂದು ಬರೆದ 12-13ನೇ ಶತಮಾನದ ಪಠ್ಯಗಳಿವೆ, ಆದರೆ ಅಲ್ಲಿ ಎಕಾರ ಮರಳಿ ಬಂತು. ಇಂದಿನ ಗೊಂದಲದ ಬೇರು ಇಲ್ಲಿದೆ: ಬೇರೆ ವ್ಯಂಜನಗಳಲ್ಲಿ ಮುಗಿಯುವ ಪದಗಳು ಬಹುತೇಕ ಹೊರಗಿನವು. ಅವಕ್ಕೆ ಬರಿಯ ‘ಸ್’ ಹಚ್ಚುವುದೇ ರೂಢಿ: ರೊಬೊತ್, ರೊಬೊತ್ಸ್. ‘ಕ್ಲುಬ್’ಗೆ ಕ್ಲುಬ್ಸ್, ಕ್ಲುಬೆಸ್ ಎರಡೂ ಸರಿ. ‘ಆಲ್ಬುಮ್’ ಮಾತ್ರ ಹಟ ಹಿಡಿದು ‘ಆಲ್ಬುಮೆಸ್’ ಆಗುತ್ತದೆ.

ಬರೆಯುವಾಗ ಎಡವುವುದು ಒತ್ತು ತೋರಿಸಲು ಸ್ವರದ ಮೇಲೆ ಹಾಕುವ ಗೀಟಿನಲ್ಲಿ. ‘ಎಸ್’ ಸೇರಿದರೆ ಪದಕ್ಕೆ ಒಂದು ಉಚ್ಚಾರಾಂಶ ಹೆಚ್ಚುತ್ತದೆ, ಒತ್ತು ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ ‘ಕಾನ್ಸಿಯೊನ್’ (ಹಾಡು) ಪದದ ಗೀಟು ಬಹುವಚನದಲ್ಲಿ ಮಾಯವಾಗುತ್ತದೆ. ಗೀಟಿಲ್ಲದ ‘ಎಕ್ಸಾಮೆನ್’ (ಪರೀಕ್ಷೆ) ಬಹುವಚನದಲ್ಲಿ ಗೀಟು ಪಡೆಯುತ್ತದೆ. ಒತ್ತೇ ಜಾಗ ಬದಲಿಸುವ ಪದಗಳು ಬೆರಳೆಣಿಕೆಯವು. ‘ರೆಹಿಮೆನ್’ (ಆಳ್ವಿಕೆ) ಪದದ ಒತ್ತು ‘ರೆ’ ಮೇಲೆ, ‘ರೆಹಿಮೆನೆಸ್’ನದು ‘ಹಿ’ ಮೇಲೆ. ‘ಲುಸ್’ (ಬೆಳಕು) ಕೊನೆಯ ಝೆಡ್, ‘ಲುಸೆಸ್’ನಲ್ಲಿ ಸಿ ಅಕ್ಷರವಾಗುವುದು ಬರಿಯ ಕಾಗುಣಿತದ ಕಟ್ಟಳೆ, ಧ್ವನಿ ಬದಲಾಗದು.

ಒತ್ತಿಲ್ಲದ ಕೊನೆಯಲ್ಲಿ ಸಕಾರವಿದ್ದರೆ ಪದ ಅಲುಗುವುದಿಲ್ಲ. ‘ಲುನೆಸ್’ ಒಂದು ಸೋಮವಾರವೂ ಹೌದು, ಹತ್ತೂ ಹೌದು. ಲೆಕ್ಕ ಹೇಳುವುದು ಪದಕ್ಕೆ ಮೊದಲು ಬರುವ ಪುಟ್ಟ ಪದ: ಏಕವಚನಕ್ಕೆ ‘ಎಲ್’, ಬಹುವಚನಕ್ಕೆ ‘ಲೊಸ್’. ಒತ್ತಿದ್ದರೆ ಕಥೆ ಬೇರೆ: ಮೆಸ್ (ತಿಂಗಳು), ಮೆಸೆಸ್.

ಕನ್ನಡಿಗರಿಗೆ ಇನ್ನೊಂದು ತೊಡಕು. ‘ಎರಡು ಕೆಂಪು ಪುಸ್ತಕ’ ಎಂದರೆ ನಮಗೆ ಸಾಕು, ಸಂಖ್ಯೆಯೇ ಬಹುವಚನದ ಕೆಲಸ ಮಾಡುತ್ತದೆ. ಸ್ಪ್ಯಾನಿಷ್‌ನಲ್ಲಿ ಬಣ್ಣವೂ ಬಹುವಚನವಾಗಬೇಕು: ದೊಸ್ ಲಿಬ್ರೊಸ್ ರೊಹೊಸ್.

ಇಷ್ಟು ಕಾಲ ಬಾಳಿದ ಆ ಸಕಾರ ಈಗ ದಕ್ಷಿಣ ಸ್ಪೇನಿನ ಆಂಡಲೂಸಿಯಾದ ಮಾತಿನಲ್ಲಿ ಕರಗುತ್ತಿದೆ. ಗ್ರನಾಡಾ ಕಡೆಯವರು ‘ಸ್’ ನುಂಗಿ, ಅದರ ಹಿಂದಿನ ಸ್ವರವನ್ನು ಬಾಯಗಲಿಸಿ ಉಚ್ಚರಿಸುತ್ತಾರೆ. ಕೇಳುವವರು ಆ ಅಗಲದಿಂದಲೇ ಬಹುವಚನ ಹಿಡಿಯುತ್ತಾರೆ.