ನೈಟ್‌ಮೇರ್‌ನಲ್ಲಿ ಕುದುರೆ ಇದೆಯೇ?

ಪ್ರಶ್ನೆ: ಇಂಗ್ಲಿಷ್‌ನಲ್ಲಿ 'ಮೇರ್' ಅಂದರೆ ಹೆಣ್ಣು ಕುದುರೆ. ಹಾಗಾದರೆ ಕೆಟ್ಟ ಕನಸಿಗೆ 'ನೈಟ್‌ಮೇರ್' ಅಂತ ಯಾಕೆ ಹೇಳುತ್ತಾರೆ?

ಉತ್ತರ: ಅದು ಕುದುರೆಯಲ್ಲ, ಪಿಶಾಚಿ! ಹಳೆಯ ಇಂಗ್ಲಿಷ್‌ನಲ್ಲಿ 'ಮ್ಯಾರೆ' ಅಂದರೆ ಮಲಗಿದವರ ಎದೆ ಮೇಲೆ ಕೂತು ಉಸಿರು ಕಟ್ಟಿಸುವ ಹೆಣ್ಣು ಭೂತ. ಕುದುರೆಗೆ ಬೇರೆಯದೇ ಪದವಿತ್ತು. ಕಾಲ ಕಳೆದಂತೆ ಎರಡರ ಉಚ್ಚಾರವೂ ಒಂದಾಗಿಬಿಟ್ಟಿತು. ಉತ್ತರ ಯುರೋಪಿನ ಜನ ಈ ಭೂತವನ್ನು 'ಮಾರಾ' ಎನ್ನುತ್ತಿದ್ದರು. ಫ್ರೆಂಚರ 'ಕೋಶ್‌ಮಾರ್' ಪದದ ಬಾಲದಲ್ಲೂ ಅದೇ ಇದೆ.

ಅಂದರೆ ನೈಟ್‌ಮೇರ್ ಮೊದಲು ಕನಸಿನ ಹೆಸರೇ ಆಗಿರಲಿಲ್ಲ. 1755ರಲ್ಲಿ ಬಂದ ಸ್ಯಾಮ್ಯುಯೆಲ್ ಜಾನ್ಸನ್‌ನ ನಿಘಂಟಿನಲ್ಲೂ ಅದರ ಅರ್ಥ, ರಾತ್ರಿ ಎದೆ ಮೇಲೆ ಭಾರ ಬಿದ್ದಂತಾಗುವ ತೊಂದರೆ ಅಂತ. ಹೆನ್ರಿ ಫ್ಯೂಸೆಲಿ 1781ರಲ್ಲಿ ಬರೆದ 'ದಿ ನೈಟ್‌ಮೇರ್' ಚಿತ್ರದಲ್ಲಿ ಪರದೆಯ ನಡುವಿನಿಂದ ಕುದುರೆಯೊಂದು ಇಣುಕುತ್ತದೆ. ನಮ್ಮ ಕಣ್ಣು ಅಲ್ಲಿಗೇ ಹೋಗುತ್ತದೆ, ಅಲ್ವಾ? ಆದರೆ ನೋಡಬೇಕಾದ್ದು ಮಲಗಿದ ಹೆಂಗಸಿನ ಎದೆ ಮೇಲೆ ಕುಕ್ಕರುಗಾಲಲ್ಲಿ ಕೂತಿರುವ ಕುಳ್ಳ ಭೂತವನ್ನು.

ಹಿಂದಿನ ಜನ ಈ ಭೂತದ ಕಥೆಯನ್ನು ಸುಮ್ನೆ ಕಟ್ಟಿರಲಿಲ್ಲ. ಎಚ್ಚರವಾಗಿದೆ, ಕೋಣೆ ಕಾಣುತ್ತಿದೆ, ಆದರೆ ಕೈಕಾಲು ಆಡುವುದಿಲ್ಲ, ಕೂಗಲು ಬಾಯಿ ಬರುವುದಿಲ್ಲ. ಯಾರೋ ಪಕ್ಕದಲ್ಲಿದ್ದಾರೆ ಅನ್ನಿಸುತ್ತದೆ, ಎದೆ ಭಾರವಾಗುತ್ತದೆ. ಇಂದಿನ ವೈದ್ಯರು ಇದನ್ನು ಸ್ಲೀಪ್ ಪ್ಯಾರಾಲಿಸಿಸ್ ಎನ್ನುತ್ತಾರೆ. ಕನಸು ಜಾಸ್ತಿ ಬೀಳುವ ನಿದ್ದೆಯಲ್ಲಿ ಮೆದುಳು ನಮ್ಮ ಸ್ನಾಯುಗಳನ್ನು ಸಡಿಲ ಬಿಟ್ಟಿರುತ್ತದೆ. ಇಲ್ಲದಿದ್ದರೆ ಕನಸಿನಲ್ಲಿ ಓಡುವವರು ಹಾಸಿಗೆಯಿಂದಲೇ ಎದ್ದು ಓಡಿಯಾರು. ಆ ಸಡಿಲ ಹೋಗುವ ಮೊದಲೇ ಎಚ್ಚರವಾದರೆ ಹೀಗಾಗುತ್ತದೆ. ಅನುಭವಿಸಿದವರು ದಯವಿಟ್ಟು ಹೆದರಬೇಡಿ. ಸಾಮಾನ್ಯವಾಗಿ ಕೆಲವು ಕ್ಷಣಗಳಲ್ಲಿ, ಹೆಚ್ಚೆಂದರೆ ಒಂದೆರಡು ನಿಮಿಷಗಳಲ್ಲಿ ತಾನಾಗಿ ಬಿಡುತ್ತದೆ. ನಿದ್ದೆಗೆಟ್ಟಾಗ, ಅಂಗಾತ ಮಲಗಿದಾಗ ಬರುವ ಸಾಧ್ಯತೆ ಹೆಚ್ಚು. ಪದೇ ಪದೇ ಬಂದು, ಹಗಲಲ್ಲೂ ತಡೆಯಲಾರದ ನಿದ್ದೆ ಬರುತ್ತಿದ್ದರೆ ಮಾತ್ರ ವೈದ್ಯರಿಗೆ ತೋರಿಸಿ.

ಹಾಗಾದರೆ ಹಳೆಯ ಇಂಗ್ಲಿಷ್ ಆಡುತ್ತಿದ್ದವರು ಕನಸಿಗೆ ಏನೆನ್ನುತ್ತಿದ್ದರು? 'ಸ್ವೆವ್ನ್'. ಹದಿನಾಲ್ಕನೇ ಶತಮಾನದ ಕವಿ ಚಾಸರ್‌ನ ಕಾಲಕ್ಕೆ ಅದು 'ಸ್ವೆವನ್' ಆಗಿತ್ತು. ಈಗ ಬಳಕೆಯಲ್ಲಿಲ್ಲ, ಅದರ ಜಾಗದಲ್ಲಿ 'ಡ್ರೀಮ್' ಕೂತಿದೆ. ನನಗೆ ತುಂಬ ಇಷ್ಟದ ಸಂಗತಿ ಇದೇ: ಸ್ವೆವ್ನ್ ಮತ್ತು ಕನ್ನಡಕ್ಕೆ ಸಂಸ್ಕೃತದಿಂದ ಬಂದ ಸ್ವಪ್ನ, ಎರಡೂ ಒಂದೇ ಬೇರಿನವು. ಇಂಗ್ಲಿಷರು ಬಿಟ್ಟ ಆ ಪದದ ನೆಂಟನನ್ನು ನಾವು ಇವತ್ತಿಗೂ ಬಳಸುತ್ತಿದ್ದೇವೆ.